ಅಡಿಯ ಚೀಲ ಬಿಚ್ಚಿದ ಬೇಸಿಗೆ

ಮೊನ್ನೆ ಯಶವಂತಪುರದ ಮಾರುಕಟ್ಟೆ ಯಾರ್ಡಿಗೆ ಅಪ್ಪನ ಕುರ್ಚಿ ತರಲು ಹೋಗಿದ್ದೆ. ಹಿಂದಿನ ದಿನ ಮಳೆ ಬಂದಿತ್ತು. ಗೇಟಿನೊಳಗೆ ಕಾಲಿಡುತ್ತಲೇ ಒದ್ದೆ ಗೋಣಿಚೀಲದ ವಾಸನೆ ಮೂಗಿಗೆ ಬಡಿಯಿತು. ಮಣ್ಣು, ಸೆಣಬು, ಎಲ್ಲೋ ಮೂಲೆಯಲ್ಲಿ ಕೊಳೆಯುತ್ತಿರುವ ಒಂದೆರಡು ಆಲೂಗಡ್ಡೆ, ಎಲ್ಲ ಸೇರಿದ ವಾಸನೆ ಅದು. ಯಾರಿಗೂ ಇಷ್ಟವಾಗುವಂಥದ್ದಲ್ಲ. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ನನ್ನ ಬಟ್ಟೆಗೆ ಅಂಟಿರುತ್ತಿದ್ದ ಈ ವಾಸನೆಗೆ ಹೇಸಿ ಬೇರೆ ಬೆಂಚಿಗೆ ಹೋಗಿದ್ದಳು. ನನಗೆ ಮಾತ್ರ ಮೊನ್ನೆ ಅಲ್ಲಿ ನಿಂತಲ್ಲೇ ಕಣ್ಣು ತುಂಬಿ ಬಂತು. 2012ರ ಬೇಸಿಗೆ ಹಾಗೇ ಎದುರಿಗೆ ಬಂದು ನಿಂತಿತು.

ನಾವು ಅಲ್ಲಾಳಸಂದ್ರದವರು. ಕೆರೆಯ ಸುತ್ತ ರಾಗಿ ಹೊಲ ಇದ್ದ ಕಾಲದಿಂದಲೂ ಅಲ್ಲೇ ಇದ್ದವರು. ಅಪ್ಪನ ಹೆಸರು ಮುನಿರಾಜು, ಯಾರ್ಡಿನಲ್ಲಿ ಎಲ್ಲರಿಗೂ ಮುನಿರಾಜಣ್ಣ. ಆರ್.ಟಿ. ನಗರದ ರಹಮತ್ ಸಾಬರ ಜೊತೆ ಪಾಲಿನಲ್ಲಿ ಆಲೂಗಡ್ಡೆ ಮಂಡಿ ನಡೆಸುತ್ತಿದ್ದ. ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ರೈತರು ಲೋಡು ತಂದು ಇಳಿಸಿದರೆ, ಇವರು ಅದನ್ನು ಹೋಟೆಲಿನವರಿಗೂ ಅಂಗಡಿಯವರಿಗೂ ಮಾರಿಸಿಕೊಡಬೇಕು. ಇಬ್ಬರಿಗೂ ಒಂದೇ ವಯಸ್ಸು, ಒಂದೇ ಅಳತೆಯ ಹೊಟ್ಟೆ. ದಿನಕ್ಕೊಂದು ಜಗಳ ಆಡದೆ ಇಬ್ಬರೂ ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿರಲಿಲ್ಲ.

ಆ ಮಂಡಿಯಲ್ಲಿ ಎರಡು ಪದ್ಧತಿ ಇದ್ದವು. ಯಾವುದೇ ಲೋಡು ಬರಲಿ, ಅಪ್ಪ ಮೇಲಿನ ಚೀಲ ಮುಟ್ಟುತ್ತಿರಲಿಲ್ಲ. ಮೇಲಿನ ಚೀಲದ ಬಾಯಿಗೆ ಎಲ್ಲರೂ ದಪ್ಪ ಗಡ್ಡೆಗಳನ್ನೇ ಜೋಡಿಸಿರುತ್ತಾರೆ. ಅವನು ಲಾರಿಯ ತೀರ ಅಡಿಯ ಸಾಲಿನಿಂದ ಒಂದು ಚೀಲ ಎಳೆಸಿ, ಹೊಲಿಗೆ ಬಿಚ್ಚಿಸಿ, ಗಿರಾಕಿಗಳ ಎದುರಿಗೇ ನೆಲಕ್ಕೆ ಸುರಿಸುತ್ತಿದ್ದ. ಸುರಿದದ್ದರಲ್ಲಿ ಹಸಿರು ತಿರುಗಿದ್ದು, ಕೊಳೆತದ್ದು ಏನಿದೆಯೋ ಅದನ್ನೇ ಮೊದಲು ಎತ್ತಿ ತೋರಿಸುವುದು. "ಇದೂ ಇದೆ ನೋಡಿ ಇದ್ರಲ್ಲಿ. ಈಗ ರೇಟ್ ಹೇಳಿ" ಅನ್ನುವುದು. ರೈತರಲ್ಲಿ ಕೆಲವರು ಸಿಡಿಮಿಡಿಗೊಂಡು ಬೇರೆ ಮಂಡಿಗೆ ಹೋಗುತ್ತಿದ್ದರು, ಮುಂದಿನ ವಾರ ಏನೂ ಆಗದವರಂತೆ ವಾಪಸು ಬರುತ್ತಿದ್ದರು.

ಇನ್ನೊಂದು ಪದ್ಧತಿ ವ್ಯಾಪಾರ ಕುದುರಿದ ಮೇಲಿನದು. ಅದೇ ಚೀಲದಿಂದ ಒಂದು ಗಡ್ಡೆ ಎತ್ತಿ ಅಪ್ಪ ಗಿರಾಕಿಯ ಅಂಗೈಯಲ್ಲಿ ಇಡುತ್ತಿದ್ದ. ಇಟ್ಟರೆ ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ರೇಟು ಏರಲಿ, ಇಳಿಯಲಿ, ಆಡಿದ ಮಾತು ಆಡಿದ್ದೇ. ಗಡ್ಡೆ ಕೊಟ್ಟ ಮೇಲೆ ಮುನಿರಾಜಣ್ಣ ಹಿಂದೆ ಸರಿದದ್ದನ್ನು ಆ ಯಾರ್ಡಿನಲ್ಲಿ ಯಾರೂ ಕಂಡಿರಲಿಲ್ಲ.

ನಾನು ಆಗ ಹೆಬ್ಬಾಳದ ಒಂದು ದೊಡ್ಡ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಇಂಜಿನಿಯರಿಂಗ್ ಮುಗಿಸಿ ಸೇರಿ ಮೂರು ವರ್ಷವಾಗಿತ್ತು. ಹೊರದೇಶದ ಬ್ಯಾಂಕೊಂದು ಕೊಟ್ಟ ಸಾಲಗಳಲ್ಲಿ ಯಾವುದು ಮುಳುಗಬಹುದು ಎಂದು ಹೇಳುವ ಸೂತ್ರಗಳನ್ನು ಪರೀಕ್ಷಿಸುವುದು ನಮ್ಮ ಕೆಲಸ. ಸೂತ್ರ ಬರೆಯುವವರು ಸಮುದ್ರದಾಚೆ ಇದ್ದರು, ನಾವು ತಪ್ಪು ಹುಡುಕುವವರು. ಬರಬರುತ್ತಾ ನಾನೂ ಬರೆಯುವವಳಾಗಬೇಕು ಅನ್ನಿಸತೊಡಗಿತು. ಅದಕ್ಕೆ ಕ್ವಾಂಟಿಟೇಟಿವ್ ಫೈನಾನ್ಸ್ ಎಂಬ ಸ್ನಾತಕೋತ್ತರ ಓದು ಬೇಕಿತ್ತು. ಹಣಕಾಸಿನಲ್ಲಿರುವ ಅಪಾಯವನ್ನು ಗಣಿತದಿಂದ ಅಳೆಯುವ ಓದು. ಅಮ್ಮ ಅಕ್ಕಪಕ್ಕದವರಿಗೆ "ಬ್ಯಾಂಕಿಂದೇ ಏನೋ ದೊಡ್ಡ ಓದಂತೆ" ಎಂದು ಹೇಳಿ ಮುಗಿಸುತ್ತಿದ್ದಳು. ನಿಜ ಹೇಳಬೇಕೆಂದರೆ ಅದಕ್ಕಿಂತ ಚೆನ್ನಾಗಿ ವಿವರಿಸಲು ನನಗೂ ಬರುತ್ತಿರಲಿಲ್ಲ.

ಫೆಬ್ರವರಿ ಕೊನೆಗೆ ಎರಡು ಕಡೆ ಸೀಟು ಸಿಕ್ಕಿತು. ಒಂದು ಅಮೆರಿಕದ ದೊಡ್ಡ ನಗರದಲ್ಲಿ, ಒಂದು ವರ್ಷದ ಓದು. ಹೆಸರು ಹೇಳಿದರೆ ಆಫೀಸಿನಲ್ಲಿ ಜನ ಕುರ್ಚಿ ತಿರುಗಿಸಿ ನೋಡುವಂಥ ವಿಶ್ವವಿದ್ಯಾಲಯ. ಇನ್ನೊಂದು ಹಾಲೆಂಡಿನ ಒಂದು ಸಣ್ಣ ಊರಿನಲ್ಲಿ, ಎರಡು ವರ್ಷದ್ದು. ಅದರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅರ್ಜಿ ಹಾಕಿದ್ದ ನನಗೇ ಅದನ್ನು ಸರಿಯಾಗಿ ಉಚ್ಚರಿಸಲು ಬರುತ್ತಿರಲಿಲ್ಲ. ಎರಡಕ್ಕೂ ಏಪ್ರಿಲ್ ಮಧ್ಯದೊಳಗೆ ಉತ್ತರ ಕೊಡಬೇಕಿತ್ತು. ನಾನು ಅಮೆರಿಕ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ, ಮನೆಯಲ್ಲಿ "ಒಂದೇ ವರ್ಷದ ಓದು" ಎಂದು ಹೇಳಿಬಿಟ್ಟೆ. ಇನ್ನೊಂದು ಇದೆ ಎಂಬುದನ್ನು ಬಾಯಿಬಿಡಲೇ ಇಲ್ಲ. ನನ್ನ ತಪ್ಪು ಶುರುವಾದದ್ದು ಅಲ್ಲಿಂದ.

ಯಾಕೆಂದರೆ ನಮ್ಮ ಮನೆಯಲ್ಲಿ ಒಂದು ವರ್ಷ ಎಂಬ ಮಾತು ಬರೀ ಓದಿನ ಮಾತಾಗಿರಲಿಲ್ಲ. ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರದಲ್ಲಿ ಜಯಮ್ಮತ್ತೆ ಇದ್ದಳು, ಅಪ್ಪನ ಅಕ್ಕ. ಅವಳ ಮಗ ಗಿರೀಶನಿಗೆ ಮುಖ್ಯರಸ್ತೆಯಲ್ಲಿ ಟೈರ್ ಅಂಗಡಿ. ಅವನನ್ನೂ ನನ್ನನ್ನೂ ಒಟ್ಟಿಗೆ ನೋಡುವ ರೂಢಿ ನಾನು ಪಿ.ಯು.ಸಿ. ಓದುವಾಗಿನಿಂದಲೂ ಎರಡೂ ಮನೆಗಳಲ್ಲಿ ಇತ್ತು. ಗಿರೀಶ ಒಳ್ಳೆಯವನು. ಚಿಕ್ಕಂದಿನಲ್ಲಿ ಇಬ್ಬರೂ ಕೆರೆ ಏರಿಯ ಮೇಲೆ ಸೀಬೆಕಾಯಿ ಕದ್ದು ತಿಂದವರು. ಆದರೆ ಅವನನ್ನು ಮದುವೆಯಾಗುವ ಯೋಚನೆ ಬಂದಾಗಲೆಲ್ಲ ನಾನು ಬೇರೆ ಏನಾದರೂ ಯೋಚಿಸುತ್ತಿದ್ದೆ. ಬೇಡ ಎನ್ನುವ ಧೈರ್ಯ ಇರಲಿಲ್ಲ. ಒಂದು ವರ್ಷ ದೂರ ಹೋಗಿಬಿಟ್ಟರೆ ಎಲ್ಲ ಹೇಗೋ ಆಗುತ್ತದೆ ಎಂಬ ಹೇಡಿ ಲೆಕ್ಕಾಚಾರ ನನ್ನದು.

ಯುಗಾದಿಗೆ ಅತ್ತೆಯ ಮನೆಗೆ ಹೋದೆವು. ಏರ್‌ಪೋರ್ಟ್ ರಸ್ತೆಯನ್ನು ಮೇಲ್ಸೇತುವೆಗೆಂದು ಅಗೆದು ಹಾಕಿದ್ದ ವರ್ಷ ಅದು. ಹೊಸ ಬಟ್ಟೆಯ ಮೇಲೆಲ್ಲ ಕೆಂಧೂಳು. ಹೋಳಿಗೆ ಊಟವಾದ ಮೇಲೆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕೂತು ನೇರವಾಗಿ ವಿಷಯಕ್ಕೆ ಬಂದಳು.

"ಏನ್ಲಾ ಮುನಿ, ಇವ್ಳು ಓದಕ್ಕೆ ಓಯ್ತಾಳಂತೆ. ನನ್ ಮಗ ಎಷ್ಟ್ ವರ್ಸ ಕಾಯ್ಬೇಕು?"

"ಒಂದೇ ವರ್ಷ ಅಕ್ಕ. ಬರೋ ಯುಗಾದಿ ಕಳೀತಿದ್ದಂಗೆ ಲಗ್ನ ಇಟ್ಕೊಳ್ಳಾಣ."

"ಬರೀ ಬಾಯ್ ಮಾತಲ್ಲಿ ಬ್ಯಾಡ. ನಿನ್ ಮಂಡೀಲಿ ಇಡ್ತೀಯಲ್ಲ, ಅಂಗೆ ಇಡು" ಎಂದು ತರಕಾರಿ ಬುಟ್ಟಿ ಮುಂದೆ ತಳ್ಳಿ ಕೈ ಚಾಚಿದಳು.

ಎಲ್ಲರೂ ನಕ್ಕರು. ಅಪ್ಪನೂ ನಗುತ್ತಲೇ ಒಂದು ಆಲೂಗಡ್ಡೆ ಎತ್ತಿ ಅವಳ ಅಂಗೈಯಲ್ಲಿ ಇಟ್ಟ. ಅತ್ತೆ ನನ್ನ ಕಡೆ ನೋಡಿದಳು, ನಾನು ಹೂಂ ಎಂದು ತಲೆಯಾಡಿಸಿದೆ. ಅವಳು ಎದ್ದುಹೋಗಿ ಆ ಗಡ್ಡೆಯನ್ನು ದೇವರ ಗೂಡಿನಲ್ಲಿ, ಬೇವು ಬೆಲ್ಲದ ಬಟ್ಟಲಿನ ಪಕ್ಕದಲ್ಲಿ ಇಟ್ಟಳು. ಗಿರೀಶ ಅಷ್ಟು ಹೊತ್ತೂ ತನ್ನ ಮೊಬೈಲ್ ನೋಡುತ್ತಾ ಕೂತಿದ್ದ.

ಮುಂದಿನ ಶನಿವಾರ ಓದಿನ ಸಾಲದ ಕಾಗದಗಳಿಗೆ ಸಹಿ ಹಾಕಿಸಲು ಮಂಡಿಗೆ ಹೋದೆ. ಅಪ್ಪನದು ಒಂದು ಸಹಿ, ಜಾಮೀನಿಗೆ ರಹಮತ್ ಸಾಬರದು ಒಂದು. ಹರಾಜು ಮುಗಿದು ಹಮಾಲರು ನೆರಳಿಗೆ ಕೂತು ಬೀಡಿ ಹಚ್ಚುತ್ತಿದ್ದ ಹೊತ್ತು. ಕಾಗದಗಳ ಜೊತೆ ಎರಡೂ ಕಾಲೇಜುಗಳ ಪರಿಚಯ ಪುಸ್ತಕಗಳ ಪ್ರಿಂಟೂ ಸೇರಿಕೊಂಡಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಅಮೆರಿಕದ್ದನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದ. ಅವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಫೋಟೋ ನೋಡುತ್ತಿದ್ದ. ಕೋಟು ಹಾಕಿ ನಗುವ ಹುಡುಗರು, ಗಾಜಿನ ಕಟ್ಟಡದ ಮುಂದೆ ಕೈ ಕಟ್ಟಿ ನಿಂತ ಹುಡುಗಿಯರು.

"ಇವ್ರೆಲ್ಲ ಯಾರು ಮಗಾ?"

"ಅಲ್ಲಿ ಓದಿ ದೊಡ್ ದೊಡ್ ಕಂಪನೀಲಿ ಕೆಲ್ಸಕ್ಕೆ ಸೇರ್ದೋರು ಅಪ್ಪ."

"ಎಲ್ಲಾ ಚೀಲದ ಬಾಯ್ ಗಡ್ಡೆಗಳೇ ಇದಾವಲ್ಲ. ಅಡಿ ಚೀಲ ಎಲ್ಲಿ?"

ರಹಮತ್ ಸಾಬರೂ ಬಗ್ಗಿ ನೋಡಿದರು. "ಹೌದಲ್ಲ ಬೇಟಿ! ಕ್ಲಾಸಲ್ಲಿ ಲಾಸ್ಟ್ ಬಂದೋನದು ಫೋಟೋನೇ ಇಲ್ವಲ್ಲ. ಅವನು ಎಲ್ಲೋದ? ಅವನೂ ಅಷ್ಟೇ ಫೀಸ್ ಕಟ್ಟಿರ್ತಾನೆ ತಾನೇ?"

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಆಫೀಸಿನಲ್ಲಿ ನಾನು ದಿನವೂ ಬಡಿದುಕೊಳ್ಳುತ್ತಿದ್ದುದು ಇದೇ. ಸಾಲ ತೀರಿಸಿದವರನ್ನು ಮಾತ್ರ ಎಣಿಸಿ ಸೂತ್ರ ಬರೆದರೆ ಅದು ಸುಳ್ಳು ಹೇಳುತ್ತದೆ, ಮುಳುಗಿದವರನ್ನು ಮೊದಲು ಹುಡುಕಿ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವಳು ನಾನು. ನನ್ನ ಬದುಕಿನ ವಿಷಯ ಬಂದಾಗ ಮಾತ್ರ ನುಣ್ಣನೆ ಕಾಗದದ ಫೋಟೋ ನೋಡಿ ಮರುಳಾಗಿದ್ದೆ. ಸಹಿ ಹಾಕುವ ಮುಂಚೆ ಅಪ್ಪ ಇನ್ನೊಂದು ಪುಸ್ತಕ ಎತ್ತಿಕೊಂಡ.

"ಇದ್ಯಾವ್ದು?"

"ಅದು ಹಾಲೆಂಡು. ಸುಮ್ನೆ ಹಾಕಿದ್ದೆ" ಎಂದೆ. ಎರಡು ವರ್ಷ ಎಂದು ಹೇಳಲಿಲ್ಲ.

"ಅಲ್ಲಿ ಜನ ಆಲೂಗಡ್ಡೆ ತಿಂತಾರಾ?"

"ಮೂರ್ ಹೊತ್ತೂ ಅದೇ ಅಂತೆ."

"ಹಂಗಾದ್ರೆ ಒಳ್ಳೇ ಜನಾನೇ ಬಿಡು. ಎರಡರದ್ದೂ ಅಡಿ ಚೀಲ ಬಿಚ್ಚಿ ನೋಡು. ಸಹಿ ಎಲ್ಲೂ ಓಡೋಗಲ್ಲ" ಎಂದು ಪೆನ್ನು ಕಿವಿಗೆ ಸಿಕ್ಕಿಸಿಕೊಂಡ.

ಅಂದಿನಿಂದ ಹುಡುಕಾಟ ಶುರುವಾಯಿತು. ಎರಡೂ ಕಡೆ ಓದಿದವರ ಹೆಸರುಗಳನ್ನು ಇಂಟರ್‌ನೆಟ್ಟಿನಲ್ಲಿ ಜಾಲಾಡಿ, ಕಾಲೇಜಿನ ನಂತರ ಏನು ಮಾಡುತ್ತಿದ್ದೇವೆಂದು ಬರೆದುಕೊಳ್ಳದವರನ್ನು ಆರಿಸಿದೆ. ಅವರಿಗೆಲ್ಲ ಪತ್ರ ಬರೆದೆ. ಅಪರಿಚಿತರಿಗೆ "ನಿಮಗೆ ಕೆಲಸ ಸಿಗಲಿಲ್ಲವಂತೆ, ಯಾಕೆ?" ಎಂದು ಕೇಳುವ ಪತ್ರವನ್ನು ಮರ್ಯಾದೆಯಿಂದ ಬರೆಯುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಹೆಚ್ಚಿನವರು ಉತ್ತರಿಸಲಿಲ್ಲ. ಒಬ್ಬರು ಬೈದು ಬರೆದರು. ಇನ್ನೊಬ್ಬರ ಉತ್ತರ ನೋಡಿ ನಗು ಬಂತು. ಅಮೆರಿಕದ ಆ ಕಾಲೇಜಿನಲ್ಲಿ ಓದಿ ಬಂದಿದ್ದ ಪ್ರಮೋದ್ ಎಂಬ ಆ ಮನುಷ್ಯ ಇದ್ದದ್ದು ಆರ್.ಟಿ. ನಗರದಲ್ಲಿ, ರಹಮತ್ ಸಾಬರ ಮನೆಯಿಂದ ಎರಡು ರಸ್ತೆ ಆಚೆ.

ಅವರನ್ನು ಒಂದು ದರ್ಶಿನಿಯಲ್ಲಿ ಭೇಟಿಯಾದೆ. ಮಹಡಿಯ ಮೇಲೊಂದು ಕೋಣೆ ಹಿಡಿದು ಡಿಗ್ರಿ ಹುಡುಗರಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದರು. ಮುಖದಲ್ಲಿ ಕಹಿಯಿರಲಿಲ್ಲ. ನಿಂತುಕೊಂಡೇ ಖಾರಾಬಾತ್ ತಿನ್ನುತ್ತಾ ಮಾತಾಡಿದರು.

"ಕಾಲೇಜಿನ ತಪ್ಪಿಲ್ಲ ಕಣ್ರೀ. ಮೇಷ್ಟ್ರುಗಳೆಲ್ಲ ಅದ್ಭುತ. ಆದ್ರೆ ಆಗಸ್ಟಲ್ಲಿ ಕ್ಲಾಸ್ ಶುರುವಾದ್ರೆ ಸೆಪ್ಟೆಂಬರಲ್ಲಿ ಇಂಟರ್‌ವ್ಯೂ ಶುರು. ಮುಂಚೇನೇ ಎಲ್ಲಾ ಕಲ್ತು ಬಂದೋರು ಗೆದ್ಕೊಂಡ್ ಹೋದ್ರು. ನಾನು ಕಲಿಯಕ್ಕೆ ಅಂತ ಹೋಗಿದ್ದೆ. ಕಲಿಯೋ ಹೊತ್ತಿಗೆ ವರ್ಷ ಮುಗಿದಿತ್ತು." ಆಮೇಲೆ ಕೈ ತೊಳೆದು ಬಂದು ನನ್ನನ್ನೇ ಕೇಳಿದರು. "ನೀವು ಮೆಷರ್ ಥಿಯರಿ ಓದಿದೀರಾ?"

"ಹೆಸರು ಕೇಳಿದೀನಿ."

"ಸ್ಟೋಕಾಸ್ಟಿಕ್ ಕ್ಯಾಲ್ಕುಲಸ್?"

"ಅದನ್ನೂ ಕೇಳಿದೀನಿ."

ಎರಡೂ ಆ ಓದಿಗೆ ಬುನಾದಿಯಾದ ಗಣಿತ. ಪ್ರಮೋದ್ ನಕ್ಕರು. "ನಾನೂ ಕೇಳ್ಕೊಂಡೇ ಹೋಗಿದ್ದು."

ಆ ನಗುವಿನಲ್ಲಿ ನನ್ನ ಮೇಲೆ ಒಂದಿಷ್ಟೂ ತಾತ್ಸಾರ ಇರಲಿಲ್ಲ. ತಮ್ಮ ಸೋಲನ್ನು ಒಬ್ಬ ಅಪರಿಚಿತ ಹುಡುಗಿಯ ಮುಂದೆ ಹಾಗೆ ತಟ್ಟೆಯಲ್ಲಿಟ್ಟು ಕೊಡುವ ದೊಡ್ಡತನ ಎಷ್ಟು ಜನಕ್ಕಿರುತ್ತದೆ? ಕಾಫಿಯ ದುಡ್ಡನ್ನೂ ಅವರೇ ಕೊಟ್ಟರು. ಅವರಿಗೆ ಹೇಳಬೇಕಿದ್ದ ಕೃತಜ್ಞತೆಯನ್ನು ಇವತ್ತು ಹೇಳುತ್ತಿದ್ದೇನೆ.

ಎರಡು ದಿನ ಕಳೆದು ಹಾಲೆಂಡಿನಿಂದಲೂ ಉತ್ತರ ಬಂತು. ಫಿತ್ರಿ ಎಂಬ ಇಂಡೋನೇಷ್ಯಾದ ಹುಡುಗಿ. ಮೊದಲ ವರ್ಷ ಎರಡು ಪೇಪರಿನಲ್ಲಿ ಫೇಲಾಗಿದ್ದಳು, ಓದು ಮುಗಿಸಲು ಆರು ತಿಂಗಳು ಹೆಚ್ಚೇ ತೆಗೆದುಕೊಂಡಿದ್ದಳು. ಪತ್ರದ ತುಂಬ ತಪ್ಪು ಇಂಗ್ಲಿಷ್, ತುಂಬ ಸಂತೋಷ. ಮೊದಲ ವರ್ಷ ಪೂರ್ತಿ ಬುನಾದಿಯ ಗಣಿತವೇ ಎಂದು ಬರೆದಿದ್ದಳು. ಫೇಲಾದವರನ್ನು ವಯಸ್ಸಾದ ಪ್ರೊಫೆಸರ್ ಒಬ್ಬರು ಪ್ರತಿ ಬುಧವಾರ ಕೂರಿಸಿಕೊಂಡು ಮೊದಲಿನಿಂದ ಹೇಳಿಕೊಡುತ್ತಿದ್ದರಂತೆ. ಈಗ ಅವಳು ಒಂದು ವಿಮಾ ಕಂಪನಿಯಲ್ಲಿ ಸೂತ್ರ ಬರೆಯುತ್ತಿದ್ದಳು. ನಾನು ಆಗಬೇಕೆಂದುಕೊಂಡಿದ್ದ ಕೆಲಸವೇ ಅದು. ಅಡಿಯ ಚೀಲ ಸುರಿದಾಗ ಇಷ್ಟು ಗಟ್ಟಿ ಗಡ್ಡೆ ಬಂದರೆ ಅಪ್ಪ ಏನು ಹೇಳುತ್ತಾನೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಗೊತ್ತಿದ್ದದ್ದಕ್ಕೇ ಹೆದರಿಕೆಯಾಯಿತು. ಎರಡು ವರ್ಷ ಎಂದರೆ ಅಪ್ಪ ಅತ್ತೆಯ ಕೈಯಲ್ಲಿಟ್ಟ ಮಾತು ಮುರಿದ ಹಾಗೆ. ಒಂದು ವಾರ ನಾನು ಆ ಪತ್ರವನ್ನು ಬಚ್ಚಿಟ್ಟುಕೊಂಡು ಓಡಾಡಿದೆ. ಆಫೀಸಿನ ಕಿಟಕಿಯಿಂದ ಹೆಬ್ಬಾಳದ ಕೆರೆ ಕಾಣುತ್ತಿತ್ತು. ನೀರು ಇಳಿದು ಅಂಚಿನ ಕೆಸರು ಬಿರುಕು ಬಿಟ್ಟಿತ್ತು. ಮಧ್ಯದಲ್ಲಿ ಹೆಜ್ಜಾರ್ಲೆ ಹಕ್ಕಿಗಳು ಸುಮ್ಮನೆ ನಿಂತಿರುತ್ತಿದ್ದವು. ಕೊನೆಗೆ ಒಂದು ಸಂಜೆ, ಮೊದಲ ಮಳೆ ಬಂದು ಅಂಗಳವೆಲ್ಲ ತಣ್ಣಗಾಗಿದ್ದಾಗ, ಅಪ್ಪನ ಹತ್ತಿರ ಹೋಗಿ ಕೂತೆ.

"ಅಪ್ಪ, ಅಮೆರಿಕಕ್ಕೇ ಹೂಂ ಅಂತೀನಿ. ಒಂದ್ ವರ್ಷ ತಾನೇ, ಕಷ್ಟಪಟ್ಟು ಓದ್ಕೋತೀನಿ."

ಅಪ್ಪ ನೆಲಗಡಲೆ ಸುಲಿಯುತ್ತಿದ್ದ. ತಲೆ ಎತ್ತಲಿಲ್ಲ. "ಅಡಿ ಚೀಲ ಬಿಚ್ಚಿದ್ಯಾ?"

"ಬಿಚ್ಚಿದೆ."

"ಏನ್ ಬಂತು?"

ಸುಳ್ಳು ಹೇಳಬಹುದಿತ್ತು. ಬಾಯಿಗೂ ಬಂದಿತ್ತು. ಆದರೆ ಎದುರಿಗೆ ಕೂತಿದ್ದವನು ಜೀವಮಾನವಿಡೀ ಕೊಳೆತ ಗಡ್ಡೆಯನ್ನು ಮೊದಲು ಎತ್ತಿ ತೋರಿಸಿದವನು. ಎಲ್ಲ ಹೇಳಿಬಿಟ್ಟೆ. ಪ್ರಮೋದ್ ವಿಷಯ, ಫಿತ್ರಿಯ ವಿಷಯ, ಎರಡು ವರ್ಷ ಎಂಬುದು. ಅದು ಮೊದಲೇ ಗೊತ್ತಿದ್ದೂ ಮುಚ್ಚಿಟ್ಟಿದ್ದೆ ಎಂಬುದನ್ನೂ ಹೇಳಿದೆ. ಗಿರೀಶನ ವಿಷಯ ಮಾತ್ರ ಎತ್ತಲಿಲ್ಲ. ಅದನ್ನು ಅವನೇ ಕೇಳಿದ.

"ಗಿರೀಶನ್ನ ಮದ್ವೆ ಆಗೋ ಮನಸ್ಸಿದೆಯಾ ಮಗಾ?"

ನಾನು ಅತ್ತುಬಿಟ್ಟೆ. ಅಷ್ಟೇ ಉತ್ತರ.

ಅಪ್ಪ ನೆಲಗಡಲೆಯ ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದ. ಆಮೇಲೆ ಎದ್ದು ಪಂಚೆ ಕೊಡವಿಕೊಂಡ. "ನಾಳೆ ಮಂಡಿ ಮುಗಿಸ್ಕೊಂಡ್ ಬರ್ತೀನಿ. ಸಿಂಗಾಪುರಕ್ಕೆ ಹೋಗಾಣ. ನೀನೂ ಬಾ."

ಮರುದಿನ ಸ್ಕೂಟರಿನಲ್ಲಿ ಹೋದೆವು. ಅತ್ತೆ ಮಜ್ಜಿಗೆ ತಂದುಕೊಟ್ಟಳು. ಅಪ್ಪ ಲೋಟ ಹಾಗೇ ಕೆಳಗಿಟ್ಟ.

"ಅಕ್ಕ, ಯುಗಾದಿ ದಿನ ಕೊಟ್ಟ ಮಾತು ವಾಪಸ್ ಕೇಳಕ್ ಬಂದಿದೀನಿ."

ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಮಂಡೀಲಿ ಯಾವತ್ತಾರ ಇಂಗೆ ವಾಪಸ್ ಕೇಳಿದೀಯೇನ್ಲಾ?"

"ಇಲ್ಲ."

"ಮತ್ತೆ ನನ್ನತ್ರ ಕೇಳ್ತೀಯಾ? ಒಡಹುಟ್ಟಿದೋಳತ್ರ?"

"ಹೂಂ ಅಕ್ಕ. ಇದೇ ಮೊದಲ್ನೇ ಸಲ."

ಅತ್ತೆ ನನ್ನ ಕಡೆ ತಿರುಗಿದಳು. "ಭವ್ಯ, ಎರಡ್ ವರ್ಸ ಆದ್ರೆ ಎರಡ್ ವರ್ಸ ಕಾಯ್ತೀವಿ. ಆಮೇಲೆ ಬತ್ತೀಯಾ?"

ಹೂಂ ಎಂದಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತು. ಅಪ್ಪನ ಮಾತೂ ಉಳಿಯುತ್ತಿತ್ತು. ನಾನು ಅಪ್ಪನನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ, ನನಗೆ ಯಾವ ಸನ್ನೆಯೂ ಮಾಡಲಿಲ್ಲ. "ಇಲ್ಲ ಅತ್ತೆ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಅವಳಿಗೆ ಕೇಳಿಸಿತು.

ಅತ್ತೆ ಎದ್ದು ಒಳಗೆ ಹೋದಳು. ಹೊರಗೆ ಬಂದಾಗ ಅವಳ ಕೈಯಲ್ಲಿ ಆ ಯುಗಾದಿಯ ಆಲೂಗಡ್ಡೆ ಇತ್ತು. ಅಷ್ಟು ದಿನವೂ ದೇವರ ಗೂಡಿನಲ್ಲೇ ಇಟ್ಟಿದ್ದಳು. ಸಿಪ್ಪೆ ಸುಕ್ಕಾಗಿ, ಎರಡು ಕಡೆ ಮೊಳಕೆ ಬಂದಿತ್ತು, ಒಂದು ಮೊಳಕೆಗೆ ಅರಿಸಿನ ಕುಂಕುಮ ಮೆತ್ತಿತ್ತು. ಅದನ್ನು ಅಪ್ಪನ ಅಂಗೈಯಲ್ಲಿಟ್ಟು "ತಗೋ" ಎಂದಳು. ಅಪ್ಪ ಅದನ್ನು ಜೋಪಾನವಾಗಿ ಅಂಗಿಯ ಜೇಬಿಗೆ ಹಾಕಿಕೊಂಡ.

ಹೊರಗೆ ಬಂದರೆ ಗಿರೀಶ ಸ್ಕೂಟರಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದ. ಒಳಗಿನ ಮಾತೆಲ್ಲ ಅವನ ಕಿವಿಗೆ ಬಿದ್ದಿತ್ತು ಅನ್ನುವುದು ಮುಖ ನೋಡಿದರೇ ಗೊತ್ತಾಗುತ್ತಿತ್ತು. "ಮಾವ, ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿ ಇದೆ. ಹಿಂಗೇ ಡಬಲ್ಸ್ ಹೋಗ್ಬೇಡಿ" ಎಂದು ಒಳಗಿಂದ ಪಂಪು ತಂದು ಗಾಳಿ ಹೊಡೆದ. ನನ್ನ ಕಡೆ ನೋಡದೆಯೇ "ಅಲ್ಲಿ ಚಳಿ ಜಾಸ್ತಿ ಅಂತೆ ಕಣೇ, ಸ್ವೆಟರ್ ತಗೊಂಡ್ ಹೋಗು" ಎಂದ. ಅವನಿಗೆ ನಾನು ಎಷ್ಟು ಋಣಿ ಎಂದು ತಿಳಿಯಲು ನನಗೆ ಇನ್ನೂ ಕೆಲವು ವರ್ಷ ಬೇಕಾಯಿತು.

ಆಗಸ್ಟಿನಲ್ಲಿ ಹಾಲೆಂಡಿಗೆ ಹೋದೆ. ಮೊದಲ ವರ್ಷ ಒಂದು ಪೇಪರಿನಲ್ಲಿ ಗೋತಾ ಹೊಡೆದೆ. ಅದೇ ಬುಧವಾರದ ಪ್ರೊಫೆಸರ್ ನನ್ನನ್ನೂ ಕೂರಿಸಿಕೊಂಡು ಮೊದಲಿನಿಂದ ಹೇಳಿಕೊಟ್ಟರು. ನಾಲ್ಕನೇ ಬುಧವಾರ ಮೆಷರ್ ಥಿಯರಿ ತಲೆಗೆ ಹತ್ತಿದಾಗ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅಪ್ಪನಿಗೆ ಫೋನ್ ಮಾಡಿದ್ದೆ. ಅವನು "ಊಟ ಆಯ್ತಾ?" ಎಂದು ಕೇಳಿದ. ನಾನು ಸೂತ್ರ ಬರೆಯುವವಳಾದೆ, ಕೆಲವು ವರ್ಷ ಅಲ್ಲೇ ದುಡಿದೆ, ಹೋದ ವರ್ಷ ಊರಿಗೆ ಮರಳಿ ಇಲ್ಲೇ ಅದೇ ಕೆಲಸ ಹಿಡಿದೆ. ಈಗ ನನಗೂ ಪತ್ರಗಳು ಬರುತ್ತವೆ, ಯಾವ ಕೋರ್ಸಿಗೆ ಸೇರಲಿ ಎಂದು ಕೇಳಿ. ನಾನು ಫೇಲಾದ ಪೇಪರಿನಿಂದ ಉತ್ತರ ಶುರು ಮಾಡುತ್ತೇನೆ.

ಅತ್ತೆ ಎರಡು ವರ್ಷ ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ. ಗೌರಿ ಹಬ್ಬಕ್ಕೆ ಅಪ್ಪ ಕಳಿಸಿದ ಬಾಗಿನ ಹಾಗೇ ವಾಪಸು ಬಂತು. ಗಿರೀಶನಿಗೆ ಶಾಲಾ ಟೀಚರೊಬ್ಬಳು ಗೊತ್ತಾದ ಮೇಲೆ ಲಗ್ನಪತ್ರಿಕೆ ಹಿಡಿದುಕೊಂಡು ಅವಳೇ ಬಂದಳು. ಬಂದವಳು ಅಡುಗೆಮನೆಗೆ ನುಗ್ಗಿ "ಸಾರ್ಗೆ ಉಪ್ಪೇ ಆಕಿಲ್ವಲ್ಲೇ" ಎಂದು ಅಮ್ಮನನ್ನು ಗದರಿಸಿದಳಂತೆ. ಅಮ್ಮ ಫೋನಿನಲ್ಲಿ ಇದನ್ನು ಅಳುತ್ತಾ ನಗುತ್ತಾ ಹೇಳಿದಳು. ಅಲ್ಲಿಗೆ ಆ ಬೇಸಿಗೆ ಮುಗಿಯಿತು ಎಂದುಕೊಂಡಿದ್ದೆ.

ಮೊನ್ನೆಯವರೆಗೂ ಹಾಗೇ ಅಂದುಕೊಂಡಿದ್ದೆ. ಈ ವರ್ಷ ಮೊಣಕಾಲಿನ ಆಪರೇಷನ್ ಆದ ಮೇಲೆ ಅಪ್ಪ ಮಂಡಿ ಬಿಟ್ಟ. ಅವನ ಕುರ್ಚಿ ಅಲ್ಲೇ ಉಳಿದಿತ್ತು. ಅದನ್ನು ತರಲು ಹೋದಾಗ ರಹಮತ್ ಸಾಬರು ಚಹಾ ತರಿಸಿದರು. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಅಂಗಡಿ ಖಾಲಿ ಖಾಲಿ ಅನ್ನಿಸುತ್ತೆ ಎಂದರು, ಜಗಳ ಆಡಲು ಯಾರೂ ಇಲ್ಲ ಎಂದರು. ಆಮೇಲೆ ನಗುತ್ತಾ ಕೇಳಿದರು.

"ಬೇಟಿ, ನಿಮ್ಮಪ್ಪಂದು ಒಂದ್ ಹುಚ್ಚು ಇತ್ತು, ನಿನಗೆ ಗೊತ್ತಾ? ನೀನು ಓದಕ್ಕೆ ಹೋದ್ಯಲ್ಲ, ಆ ವರ್ಷದಿಂದ ಶುರು. ಹೊಸ ಗಿರಾಕಿ ಯಾರೇ ಬರ್ಲಿ, ಕೈಗೆ ಗಡ್ಡೆ ಇಡಕ್ ಮುಂಚೆ ಹೇಳೋನು. 'ಸ್ವಾಮಿ, ನಾನು ಒಂದ್ ಸಲ ಕೊಟ್ಟ ಮಾತು ವಾಪಸ್ ತಗೊಂಡೋನು. ಗೊತ್ತಿರ್ಲಿ. ಯೋಚ್ನೆ ಮಾಡಿ ಕೈ ಚಾಚಿ' ಅಂತ. ಅರೆ, ವ್ಯಾಪಾರ ಮಾಡೋ ಜಾಗದಲ್ಲಿ ಯಾರಾದ್ರೂ ಹಂಗ್ ಹೇಳ್ತಾರಾ? ನಾನು ಎಷ್ಟ್ ಬೈದೆ. ಕೇಳ್ಲೇ ಇಲ್ಲ. ಏಳು ವರ್ಷ!"

ನಾನು ಚಹಾದ ಲೋಟ ಕೆಳಗಿಟ್ಟೆ. "ಯಾಕೆ ವಾಪಸ್ ತಗೊಂಡ್ರಿ ಅಂತ ಯಾರೂ ಕೇಳ್ತಿರ್ಲಿಲ್ವಾ ಚಾಚಾ?"

"ಕೇಳೋರು. ಎಲ್ಲಾರೂ ಕೇಳೋರು. ಅದು ಮಾತ್ರ ಹೇಳ್ತಿರ್ಲಿಲ್ಲ. 'ಹೇಳೋ ಮುನಿರಾಜು, ಮಗಳಿಗೋಸ್ಕರ ಅಂತ ಹೇಳಿದ್ರೆ ಯಾರೂ ತಪ್ಪು ತಿಳಿಯಲ್ಲ' ಅಂತಿದ್ದೆ ನಾನು. 'ಅದಕ್ಕೇ ಹೇಳಲ್ಲ, ಮಗಳ ಹೆಸರು ಹೇಳಿದ್ರೆ ತಪ್ಪು ಚಿಕ್ಕದಾಗಿಬಿಡುತ್ತೆ' ಅನ್ನೋನು."

ಆಟೋದಲ್ಲಿ ಕುರ್ಚಿಯನ್ನು ತೊಡೆಗೆ ಒತ್ತಿಕೊಂಡು ಅಲ್ಲಾಳಸಂದ್ರದವರೆಗೂ ಅಳುತ್ತಾ ಬಂದೆ. ಆಟೋದವನು ಕನ್ನಡಿಯಲ್ಲಿ ನೋಡಿ ನೋಡಿ ಕೊನೆಗೆ "ಏನಾಯ್ತಮ್ಮ?" ಎಂದ. ಏನಿಲ್ಲಪ್ಪ, ಖುಷಿಗೆ ಎಂದೆ. ಅದು ಸುಳ್ಳಲ್ಲ.

ಅಪ್ಪ ಜಗಲಿಯಲ್ಲಿ ಕಾಲು ನೀಡಿ ಕೂತಿದ್ದ. ಕುರ್ಚಿ ಹಾಕಿಕೊಟ್ಟೆ. ಕೂತು ಒಂದೆರಡು ಸಲ ಅಲ್ಲಾಡಿಸಿ, ಒಂದು ಕಾಲು ಸವೆದಿದೆ ಎಂದ.

"ಅಪ್ಪ, ಚಾಚಾ ಎಲ್ಲಾ ಹೇಳಿದ್ರು."

ಅವನು ನನ್ನ ಮುಖ ನೋಡಿ, ಏನು ಎಂದು ಕೇಳದೆಯೇ ತಿಳಿದುಕೊಂಡ. "ರಹಮತ್ ಬಾಯಿಗೆ ಬೀಗ ಇಲ್ಲ" ಎಂದ.

"ಇನ್ಮೇಲೆ ಯಾರಾದ್ರೂ ಕೇಳಿದ್ರೆ, ಮಗಳಿಗೋಸ್ಕರ ಅಂತ ಹೇಳ್ತೀಯಾ?"

"ಮಂಡಿ ಬಿಟ್ಟಾಯ್ತಲ್ಲ ಮಗಾ. ಇನ್ ಯಾರ್ ಕೇಳ್ತಾರೆ?" ಎಂದು ನಕ್ಕ.

ಯಾರೂ ಕೇಳುವುದಿಲ್ಲ, ನಿಜ. ಅದಕ್ಕೇ ಕೇಳದಿದ್ದರೂ ನಾನೇ ಹೇಳುತ್ತಿದ್ದೇನೆ. ಅಲ್ಲಾಳಸಂದ್ರದ ಮುನಿರಾಜು ಯಶವಂತಪುರದ ಯಾರ್ಡಿನಲ್ಲಿ ಮೂವತ್ತು ವರ್ಷ ವ್ಯಾಪಾರ ಮಾಡಿದ. ಒಂದೇ ಒಂದು ಸಲ ಕೊಟ್ಟ ಮಾತು ವಾಪಸು ತೆಗೆದುಕೊಂಡ. ಅದು ನನಗೋಸ್ಕರ.